ಪಯೋನಿಯರ್ ಎಸ್‌ಎಕ್ಸ್-850: ಓಕಿನಾವಾದ ಸೇನಾ ಮಳಿಗೆಯಲ್ಲಿ ಕೊಂಡ ರಿಸೀವರ್ ಮೈಸೂರಿನಲ್ಲಿ

2012ರಲ್ಲಿ ವರ್ಜೀನಿಯಾದಲ್ಲಿದ್ದಾಗ, ರೇಡಿಯೊ ಮತ್ತು ಆಂಪ್ಲಿಫೈಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಈ ರಿಸೀವರನ್ನು ಅಮೆರಿಕದ ವಾಯುಪಡೆಯಿಂದ ನಿವೃತ್ತರಾಗಿದ್ದ ನೆರೆಯವರೊಬ್ಬರಿಂದ ಕೊಂಡೆ. ಅವರು ಅದನ್ನು 1977ರಲ್ಲಿ ಜಪಾನಿನ ಓಕಿನಾವಾದಲ್ಲಿರುವ ಅಮೆರಿಕದ ಕಡೇನಾ ವಾಯುನೆಲೆಯ ಮಳಿಗೆಯಲ್ಲಿ ಖರೀದಿಸಿದ್ದರು. 2018ರಲ್ಲಿ ಮೈಸೂರಿಗೆ ಮರಳುವಾಗ ಸುಮಾರು 18 ಕಿಲೋ ತೂಕದ ಈ ಪೆಟ್ಟಿಗೆಯನ್ನು ಹೊತ್ತು ತಂದೆ; ಅಂದಿನಿಂದ ಇಂದಿನವರೆಗೂ ಅದು ಪ್ರತಿದಿನ ಬಳಕೆಯಲ್ಲಿದೆ.

ನಮ್ಮ ಮಿಲಿಟರಿ ಕ್ಯಾಂಟೀನಿನಂತೆ ಅಮೆರಿಕದ ಸೈನಿಕರಿಗೆ ಪಿಎಕ್ಸ್ ಎಂಬ ಮಳಿಗೆಗಳಿವೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಜಪಾನಿನ ಸಾನ್ಸುಯಿ, ಅಕಾಯ್, ಟೀಯಾಕ್, ಪಯೋನಿಯರ್ ಉಪಕರಣಗಳು ಅಲ್ಲಿ ತೆರಿಗೆಯ ಭಾರವಿಲ್ಲದೆ ದೊರೆಯುತ್ತಿದ್ದವು, ಕ್ಯಾಟಲಾಗ್ ನೋಡಿ ಅಂಚೆಯಲ್ಲೂ ತರಿಸಬಹುದಿತ್ತು. 1971ರವರೆಗೆ ಒಂದು ಡಾಲರಿಗೆ 360 ಯೆನ್ ಎಂಬ ಸ್ಥಿರ ದರವಿದ್ದುದರಿಂದ, ಊಟ ವಸತಿಗಳ ಖರ್ಚಿಲ್ಲದ ಸಾಮಾನ್ಯ ಸೈನಿಕನಿಗೂ ಊರಿನಲ್ಲಿ ಕೈಗೆಟುಕದ ಸ್ಟೀರಿಯೊ ಎಟುಕಿತು. ಆದರೆ ನನಗೆ ಬೆಲೆಗಿಂತ ಮುಖ್ಯವಾಗಿ ಕಾಣುವುದು, ಆ ಮಳಿಗೆಗಳಿಗೆಂದು ತಯಾರಾದ ಯಂತ್ರಗಳು ವರ್ಗಾವಣೆಯ ಬದುಕಿಗೆ ಸಿದ್ಧವಾಗಿದ್ದವು ಎಂಬುದು. ಜಪಾನಿನ ಮನೆಬಳಕೆಯ ರಿಸೀವರ್ 100 ವೋಲ್ಟಿನದು, ಅದರ ಎಫ್‌ಎಂ 76ರಿಂದ 90 ಮೆಗಾಹರ್ಟ್ಸ್‌ನೊಳಗಿನದು. ಅದನ್ನು ಪೇಟೆಯಲ್ಲಿ ಕೊಂಡು ಊರಿಗೆ ಒಯ್ದವನಿಗೆ ಅಮೆರಿಕದ ಬಹುಪಾಲು ಕೇಂದ್ರಗಳೇ ಸಿಗುತ್ತಿರಲಿಲ್ಲ. ನನ್ನ ರಿಸೀವರಿನ ಹಿಂಬದಿಯಲ್ಲಾದರೋ ವೋಲ್ಟೇಜ್ ಆಯ್ಕೆಯ ಸ್ವಿಚ್ ಇದೆ, ಎಫ್‌ಎಂ 88ರಿಂದ 108ರವರೆಗೆ ಹಿಡಿಯುತ್ತದೆ. ಯಾರೋ ಸೈನಿಕನಿಗಾಗಿ ಮಾಡಿದ ಈ ಏರ್ಪಾಡು ನಲವತ್ತು ವರ್ಷಗಳ ನಂತರ ಊರಿಗೆ ಮರಳಿದ ನನ್ನ ಪಾಲಿಗೆ ಒದಗಿ ಬಂತು.

ಮೈಸೂರಿನ ವಿದ್ಯುತ್ತು ಕೆಲವೊಮ್ಮೆ 230 ವೋಲ್ಟನ್ನು ಮೀರುವುದರಿಂದ ನಾನು 220ನ್ನು ಬಿಟ್ಟು 240ನ್ನು ಆರಿಸಿದೆ. ಅಮೆರಿಕದ 120 ವೋಲ್ಟಿಗಿಂತ ವೋಲ್ಟೇಜ್ ಇಮ್ಮಡಿಯಾದಾಗ ವಿದ್ಯುತ್ ಪ್ರವಾಹ ಅರ್ಧಕ್ಕಿಳಿಯುವ ಕಾರಣ ಫ್ಯೂಸನ್ನೂ ಅದಕ್ಕೆ ತಕ್ಕಂತೆ ಬದಲಿಸಬೇಕು, ಇದನ್ನು ಅನೇಕರು ಮರೆಯುತ್ತಾರೆ. ಮೈಸೂರು ಆಕಾಶವಾಣಿಯ 100.6 ಸ್ಪಷ್ಟವಾಗಿ ಕೇಳಿಸುತ್ತದೆ. ಅಮೆರಿಕದ ಕೇಂದ್ರಗಳು 100.5, 100.7 ಎಂದು ಬೆಸ ಅಂಕಿಗಳಲ್ಲೇ ಇರುವುದರಿಂದ ಅಲ್ಲಿನ ಹಲವು ಡಿಜಿಟಲ್ ಟ್ಯೂನರುಗಳು 100.6ನ್ನು ದಾಟಿ ಹೋಗುತ್ತವೆ, ಆದರೆ ಮುಳ್ಳಿನ ಡಯಲ್ಲಿಗೆ ಆ ತೊಡಕಿಲ್ಲ. ಪ್ರತಿ ಚಾನಲಿಗೆ 65 ವ್ಯಾಟ್ ನಮ್ಮ ಹಜಾರಕ್ಕೆ ಧಾರಾಳವಾಯಿತು. ತಗ್ಗಿದ ಧ್ವನಿಯಲ್ಲಿಯೂ ಮೃದಂಗದ ಎಡಭಾಗದ ಗುಮಿಕಿ ತುಂಬಿ ಬರುತ್ತದೆ.

ಅದರ ಜೊತೆಗೇ ಕೊಂಡ ಬೇರೆ ಕಂಪನಿಯ ಟರ್ನ್‌ಟೇಬಲ್ ಮಾತ್ರ ತೊಂದರೆ ಕೊಟ್ಟಿತು. ಅದರ ಮೋಟಾರಿನ ವೇಗ ವಿದ್ಯುತ್ತಿನ ಆವರ್ತನವನ್ನು ಅನುಸರಿಸುತ್ತದೆ; ಅಮೆರಿಕದಲ್ಲಿ 60 ಹರ್ಟ್ಸ್, ಇಲ್ಲಿ 50. ತಟ್ಟೆ ನಿಮಿಷಕ್ಕೆ 33⅓ ಸುತ್ತಿನ ಬದಲು ಸುಮಾರು 28 ಸುತ್ತು ತಿರುಗಿ, ಐದೂವರೆ ಮನೆ ಶ್ರುತಿಯ ಗಾಯಕಿಯ ಧ್ವನಿ ನಾಲ್ಕನೇ ಮನೆಗೆ ಇಳಿದುಬಿಟ್ಟಿತು. ಆ ದಿನ ನನಗಾದ ಸಂಕಟ ಸಣ್ಣದಲ್ಲ. ಇಂಥ ಟರ್ನ್‌ಟೇಬಲ್ಲುಗಳಿಗೆ 50 ಹರ್ಟ್ಸ್‌ಗೆಂದು ಬೇರೆ ಪುಲ್ಲಿ (ಮೋಟಾರಿನ ತುದಿಯ ಪುಟ್ಟ ಗಾಲಿ) ಇರುತ್ತಿತ್ತು. ನನ್ನದು ಎಂದೋ ಕಳೆದುಹೋಗಿತ್ತು. ಕೊನೆಗೆ ಲೇತ್ ಕೆಲಸದವರೊಬ್ಬರು ಹಳೆಯದರ 1.2ರಷ್ಟು ವ್ಯಾಸದ ಹಿತ್ತಾಳೆ ಪುಲ್ಲಿಯನ್ನು ಕಡೆದುಕೊಟ್ಟರು, ಶ್ರುತಿ ಸರಿಯಾಯಿತು.

ವಯಸ್ಸಿನ ಕಾರಣದಿಂದ ಡಯಲ್ ದೀಪಗಳನ್ನೂ ಕೆಲವು ಕೆಪಾಸಿಟರುಗಳನ್ನೂ ಬದಲಿಸಿದ್ದೇನೆ; ವಾಲ್ಯೂಮ್ ಗುಂಡಿಯ ಕರಕರ ಸದ್ದು ಕಾಂಟ್ಯಾಕ್ಟ್ ಕ್ಲೀನರಿನಿಂದ ಹೋಯಿತು. ಇದೇ ಮಾದರಿಯನ್ನು ಹೊರದೇಶದಿಂದ ತರುವವರು ಮುಂಭಾಗದ ಹೊಳಪಿಗೆ ಮೊದಲು ಹಿಂಬದಿಯನ್ನು ನೋಡಲಿ: ವೋಲ್ಟೇಜ್ ಸ್ವಿಚ್ ಇಲ್ಲದ ರಿಸೀವರ್ ಸಾಮಾನ್ಯವಾಗಿ ಅಮೆರಿಕದೊಳಗಿನ ಮಾರಾಟಕ್ಕೆಂದು ಮಾಡಿದ್ದು, ಅದಕ್ಕೆ ಇಲ್ಲಿ ವೋಲ್ಟೇಜ್ ಇಳಿಸುವ ಒಳ್ಳೆಯ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತದೆ.