ರಷ್ಯಾದ ಗೋಡೆ ನಕಾಶೆ: ಪಟ್ಟಿಗಾಗಿ ಕೊಳ್ಳಿ, ತಿದ್ದಿಕೊಂಡು ಓದಿ

ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆಂದು ಧಾರವಾಡದ ಸಪ್ತಾಪುರದ ಅಂಗಡಿಗಳಲ್ಲಿ ಸಿಗುವ ಕನ್ನಡ ಲಿಪಿಯ ನಕಾಶೆ ಇದು. ಅಳತೆ 70×100 ಸೆಂ.ಮೀ., ಲ್ಯಾಮಿನೇಶನ್ ಸೇರಿ 220 ರೂಪಾಯಿ. 1 ಸೆಂ.ಮೀ.ಗೆ 100 ಕಿ.ಮೀ. ಲೆಕ್ಕ. ಅಚ್ಚು ಸ್ವಚ್ಛವಾಗಿದೆ.

ದುಡ್ಡು ಕೊಡಬೇಕಾದದ್ದು ಕೆಳಮೂಲೆಯ ಪಟ್ಟಿಗೆ. ಊರ ಹೆಸರುಗಳನ್ನು ಒಡೆದು ತೋರಿಸಿದ್ದಾರೆ: ನೊವೊ ಹೊಸ, ಬೆಲೊ ಬಿಳಿ, ಗೊರಾ ಬೆಟ್ಟ, ವೊದಾ ನೀರು. ಹೊಸೂರು, ಹಳೇಹುಬ್ಬಳ್ಳಿ ಎನ್ನುತ್ತ ಓಡಾಡುವವರಿಗೆ ಇದು ಬೇಗ ತಲೆಗೆ ಹತ್ತುತ್ತದೆ. ಬೆಲ್ಗೊರೊದ್ ಬಿಳಿ ಊರು, ಅಲ್ಲಿಯ ಗುಡ್ಡ ಸೀಮೆಸುಣ್ಣದ್ದು. ಕಿಸ್ಲೊವೊದ್ಸ್ಕ್ ಹುಳಿನೀರಿನ ಊರು. ಅಲ್ಲಿನ ನರ್ಜಾನ್ ಬುಗ್ಗೆಯ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದರಿಂದ ಆ ಹುಳಿ.

ತಪ್ಪುಗಳು ಮೂರು ಕಡೆ ಇವೆ. ಮೊದಲನೆಯದು 'ಕ್ರಾಸ್ನೊ'. ಪಟ್ಟಿ ಎಲ್ಲಕ್ಕೂ 'ಕೆಂಪು' ಎಂದು ಬರೆದು ಕೈತೊಳೆದುಕೊಂಡಿದೆ. 1628ರಲ್ಲಿ ಕಟ್ಟಿದ ಕ್ರಾಸ್ನೊಯಾರ್ಸ್ಕ್‌ನ ಕೆಂಪು ನದಿದಂಡೆಯ ಮಣ್ಣಿನದು, 'ಯಾರ್' ಅಂದರೆ ಕಡಿದಾದ ದಂಡೆ. ಕ್ರಾಸ್ನೊದಾರ್‌ನ ಕೆಂಪು ಕ್ರಾಂತಿಯದು. 1920ರವರೆಗೆ ಅದು ರಾಣಿಯ ಹೆಸರಿನ ಯೆಕತೆರಿನೊದಾರ್ ಆಗಿತ್ತು. ಮಾಸ್ಕೋದ ಕೆಂಪು ಚೌಕಕ್ಕೆ ಬಂದರಂತೂ 'ಕ್ರಾಸ್ನಾಯಾ'ದ ಹಳೆಯ ಅರ್ಥ ಚೆಲುವು.

ಎರಡನೆಯದು 'ಸ್ಕ್'. ಅದನ್ನು 'ನಗರ' ಎಂದಿದ್ದಾರೆ. ಅದು ನಮ್ಮ ಷಷ್ಠಿಯ ಕೆಲಸ ಮಾಡುವ ಪ್ರತ್ಯಯವಷ್ಟೇ: ಓಮ್ ನದಿಯದು ಓಮ್ಸ್ಕ್, ತೋಮ್ ನದಿಯದು ತೋಮ್ಸ್ಕ್. ಮೂರನೆಯದು 'ಉಸ್ತ್'. ಅದರ ಎದುರು 'ನದೀಮುಖ' ಎಂದಿರುವುದರಿಂದ ಓದುವವರು ಉಸ್ತ್-ಕುತ್ ಊರನ್ನು ಸಮುದ್ರದಂಡೆಯಲ್ಲಿ ಹುಡುಕುತ್ತಾರೆ. ಕುತಾ ನದಿ ಲೆನಾವನ್ನು ಸೇರುವ ಜಾಗ ಅದು, ಸೈಬೀರಿಯಾದ ಒಳನಾಡು. ಕೂಡಲ ಎಂದಿದ್ದರೆ ಇಲ್ಲಿಯವರಿಗೆ ಥಟ್ಟನೆ ತಿಳಿಯುತ್ತಿತ್ತು.

ನಕಾಶೆಯಲ್ಲೇ ಇರುವ ದೋಷವೆಂದರೆ, 1999ರಲ್ಲಿ ಸೇರಿಸಿದ 'ವೆಲಿಕಿ' ಬಿಟ್ಟು ಬರೀ ನವ್ಗೊರೊದ್ ಎಂದು ಹಾಕಿರುವುದು. ವೋಲ್ಖೊವ್ ದಂಡೆಯ ಇದಕ್ಕೂ, ಓಕಾ ಬಂದು ವೋಲ್ಗಾ ಸೇರುವಲ್ಲಿರುವ ನಿಜ್ನಿ ನವ್ಗೊರೊದ್‌ಗೂ ಗೊಂದಲವಾಗುತ್ತದೆ. ಕಾಕಸಸ್ ಬಳಿ ಕಿಸ್ಲೊವೊದ್ಸ್ಕ್, ಪ್ಯಾತಿಗೊರ್ಸ್ಕ್ (ಐದು ಬೆಟ್ಟ), ಝೆಲೆಝ್ನೊವೊದ್ಸ್ಕ್ (ಕಬ್ಬಿಣದ ನೀರು) ಮೂರೂ ಅರ್ಧ ಸೆಂ.ಮೀ.ನೊಳಗೆ ಸಿಕ್ಕು ಅಕ್ಷರ ಅಕ್ಷರದ ಮೇಲೆ ಕೂತಿವೆ. ಉತ್ತರದ ಖಾಲಿ ಆರ್ಕ್ಟಿಕ್ ಸಾಗರದಲ್ಲಿ ಒಂದು ಒಳನಕ್ಷೆ ಹಾಕಲು ಬೇಕಾದಷ್ಟು ಜಾಗವಿತ್ತು.

ಮಿಂಚುವ ಲ್ಯಾಮಿನೇಶನ್ ಟ್ಯೂಬ್‌ಲೈಟಿಗೆ ಕಣ್ಣು ಕುಕ್ಕುತ್ತದೆ, ಮ್ಯಾಟ್ ಕೇಳಿ. ಸುರುಳಿ ಸುತ್ತಿಯೇ ಒಯ್ಯಿರಿ, ಮಡಚಿದರೆ ಗೆರೆ ಹೋಗುವುದಿಲ್ಲ. ತಿದ್ದುಪಡಿಗೆ ಪರ್ಮನೆಂಟ್ ಮಾರ್ಕರ್ ಸಾಕು.