ಜೂಮ್, ಟೇಪ್ ಸುತ್ತಿದ ಜೂಮ್, ಮತ್ತೆ ಫಿಫ್ಟಿ

ಫೋಟೋ ತೆಗೆಯಲು ಕಲಿ ಎಂದು ದೊಡ್ಡಪ್ಪನ ಮಗ ತನ್ನ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಟ್ಟಾಗ ಅದರಲ್ಲಿದ್ದದ್ದು 18-55 ಎಂಎಂನ ಮಾಮೂಲಿ ಜೂಮ್ ಲೆನ್ಸ್: 18ರಲ್ಲಿ ನೋಟ ಅಗಲ, 55ರಲ್ಲಿ ಕಿರಿದು, ದೂರದ್ದು ಹತ್ತಿರ. ಎರಡು ತಿಂಗಳು ಕಾಸರಗೋಡಿನ ಬದಿಯಡ್ಕದ ಸುತ್ತಮುತ್ತ ಸಿಕ್ಕಿದ್ದನ್ನೆಲ್ಲ ತೆಗೆದೆ. ಒಂದು ದಿನ ಕಂಪ್ಯೂಟರಿಗೆ ಹಾಕಿ, ಯಾವುದನ್ನು ಎಷ್ಟು ಎಂಎಂನಲ್ಲಿ ತೆಗೆದಿದ್ದೇನೆ ಎಂದು ನೋಡಿದರೆ ಒಂದೋ 18, ಇಲ್ಲವಾದರೆ 55. ನಡುವಿನದ್ದು ಬೆರಳೆಣಿಕೆ. ನಿಂತಲ್ಲಿಂದ ಕಾಲು ಕೀಳದೆ ಬರೀ ರಿಂಗ್ ತಿರುಗಿಸಿದ್ದೇ ನನ್ನ ಕಲಿಕೆ!

ಖರ್ಚಿಲ್ಲದ ಮದ್ದು ಮೊದಲು: ಕಪ್ಪು ಇನ್ಸುಲೇಷನ್ ಟೇಪ್. ರಿಂಗನ್ನು 35ರಲ್ಲಿ ನಿಲ್ಲಿಸಿ ಸುತ್ತಿಬಿಟ್ಟೆ. ಅಂಗಳದಲ್ಲಿ ಚಾಲಿ ಅಡಿಕೆ ಹರಗುತ್ತಿದ್ದ ಅಜ್ಜನ ಫೋಟೋ ಬೇಕಾದರೆ ಈಗ ಹತ್ತಿರ ಹೋಗಲೇಬೇಕು. ಹೋದೆ, ಕುಕ್ಕರಗಾಲಲ್ಲಿ ಕೂತೆ. ಹಿಂದಿನ ಬಟ್ಟೆ ಒಣಗುವ ಹಗ್ಗ ತಾನಾಗಿಯೇ ಚೌಕಟ್ಟಿನಿಂದ ಹೊರಗೆ ಹೋಯಿತು. ಎರಡು ತಿಂಗಳಲ್ಲಿ ಬಾರದ್ದು ಒಂದು ವಾರದಲ್ಲಿ ಬಂತು.

ಜೂಮ್, ಟೇಪ್ ಸುತ್ತಿದ ಜೂಮ್ ಆದಮೇಲೆ ಮೂರನೆಯದು, ಜೂಮ್ ಆಗದ ಸೆಕೆಂಡ್ ಹ್ಯಾಂಡ್ 50 ಎಂಎಂ ಎಫ್/1.8 ಲೆನ್ಸ್ (ಎಫ್ ಸಂಖ್ಯೆ ಸಣ್ಣದಾದಷ್ಟೂ ಬೆಳಕಿನ ಕಿಂಡಿ ದೊಡ್ಡದು). ಬೇಕಲ ಕೋಟೆಯಲ್ಲಿ ಇದು ಮಣ್ಣುಮುಕ್ಕಿತು. ನಮ್ಮಂಥವರ ಕ್ಯಾಮೆರಾದ ಸಣ್ಣ ಸೆನ್ಸರ್‌ನಲ್ಲಿ 50 ಅಂದರೆ 75-80ರಷ್ಟು ಕಿರಿದಾದ ನೋಟ. ಬುರುಜು ಬಂದರೆ ಕಡಲಿಲ್ಲ, ಕಡಲು ಬಂದರೆ ಬುರುಜಿಲ್ಲ. ಅಲ್ಲಿ 18ಕ್ಕೇ ನನ್ನ ಓಟು.

ಆದರೆ ರಾತ್ರಿಯ ಯಕ್ಷಗಾನ ಆಟದಲ್ಲಿ ಕಥೆಯೇ ಬೇರೆ. ಮೇಳಗಳ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಮೊದಲೇ ನೋಡಬೇಕೆಂದು ಎರಡೂ ಲೆನ್ಸ್ ಹೊತ್ತು ಹೋಗಿದ್ದೆ. ಜೂಮ್ 55ರಲ್ಲಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂದು ಹೇಳುವ ಐಎಸ್‌ಒವನ್ನು 3200ಕ್ಕೆ ಏರಿಸಿದರೂ ಶಟರ್ 1/40 ಸೆಕೆಂಡು. ಪುಂಡುವೇಷ (ಚುರುಕಿನ ಯುವವೀರನ ಪಾತ್ರ) ಗಿರ್ರನೆ ದಿಗಿಣ ಹಾರಿದರೆ ಫೋಟೋದಲ್ಲಿ ಬಣ್ಣದ ಹೊಗೆ. ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ ಇದೆಯಲ್ಲ ಎಂದು ನಂಬಿ ಕೆಟ್ಟೆ. ಅದು ತಡೆಯುವುದು ನನ್ನ ಕೈಯ ನಡುಕವನ್ನು, ವೇಷದ ಕುಣಿತವನ್ನಲ್ಲ. 1.8ರಲ್ಲಿ ಸುಮಾರು ಹತ್ತು ಪಟ್ಟು ಬೆಳಕು ಒಳಬರುತ್ತದೆ. ಅದೇ ದೀಪ, ಅದೇ ಐಎಸ್‌ಒ, ಶಟರ್ 1/400. ಗೆಜ್ಜೆಯೂ ಸ್ಪಷ್ಟ.

ವೇಷ ಕಟ್ಟುವ ಚೌಕಿಯಲ್ಲಿ ಮಾತ್ರ ಅದೇ 1.8 ಕೈಕೊಟ್ಟಿತು. ಬಣ್ಣ ಹಚ್ಚಿಕೊಳ್ಳುತ್ತಿದ್ದ ಹಿರಿಯ ಕಲಾವಿದರೊಬ್ಬರನ್ನು ಒಂದು ಮೀಟರ್ ದೂರದಿಂದ ತೆಗೆದೆ. ಅಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಬರುವ ಆಳ ಮೂರು ಸೆಂಟಿಮೀಟರೂ ಇಲ್ಲ. ಮೂಗು ಸರಿ, ಕಣ್ಣು ಮಸುಕು. ಅವರು ಕನ್ನಡಿಯಲ್ಲೇ ನನ್ನನ್ನು ನೋಡಿ, "ಎಂತ ಮಾರಾಯ, ಮೂಗಿನದ್ದಾ ಫೋಟೋ?" ಎಂದರು. "ಇಲ್ಲ ಅಣ್ಣ, ಇನ್ನೊಂದು ತೆಗೀತೇನೆ," ಎಂದು ಆಳ ಹೆಚ್ಚಲೆಂದು ಕಿಂಡಿಯನ್ನು ಎಫ್/4ಕ್ಕೆ ಕಿರಿದಾಗಿಸಿ, ಫೋಕಸ್ ಚುಕ್ಕಿಯನ್ನು ಕಣ್ಣಿನ ಮೇಲಿಟ್ಟೆ.

ಕಲಿಯಲು ಫೋನೇ ಸಾಲದೇ ಎನ್ನುತ್ತೀರಾ? ಒಳ್ಳೆಯ ಫೋಟೋ ಅದೇ ಕೊಡುತ್ತದೆ. ತಪ್ಪನ್ನೂ ಅದೇ ತಿದ್ದುವುದರಿಂದ ತಪ್ಪು ಏನೆಂದು ನನಗೆ ತಿಳಿಯಲೇ ಇಲ್ಲ.

ಕೈಯಲ್ಲಿ ಜೂಮ್ ಮಾತ್ರ ಇರುವವರು ಫಿಫ್ಟಿಗೆ ದುಡ್ಡು ಹಾಕುವ ಮೊದಲು ಒಂದು ತಿಂಗಳು ಟೇಪ್ ಸುತ್ತಿ ನೋಡಿ. ಆಟ, ಕೋಲ, ಮದುವೆಮನೆಯ ಒಳಗಿನ ಬೆಳಕು ಇವೇ ನಿಮ್ಮ ವಿಷಯವಾದರೆ ಆಮೇಲೆ ಕೊಳ್ಳಿ. ನಮ್ಮ ಮಳೆಗಾಲದಲ್ಲಿ ಲೆನ್ಸಿಗೆ ಬೂಸ್ಟು ಹಿಡಿಯುತ್ತದೆ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬವೂ ಲೆಕ್ಕಕ್ಕಿರಲಿ.

ನಾನು ಮೊನ್ನೆ ಟೇಪ್ ಬಿಚ್ಚಿದೆ. ಸೆಕೆಗೆ ಕರಗಿದ ಅಂಟು ರಿಂಗಿನಲ್ಲೇ ಉಳಿದಿದೆ. "ಒಂದು ತೊಟ್ಟು ತೆಂಗಿನೆಣ್ಣೆ ಹಾಕು, ಹೋಗ್ತದೆ" ಎನ್ನುತ್ತಾಳೆ ಅಮ್ಮ. ಲೆನ್ಸಿನ ಹತ್ತಿರ ಎಣ್ಣೆ ತರುವಷ್ಟು ಧೈರ್ಯ ನನಗಿನ್ನೂ ಬಂದಿಲ್ಲ.