ಅಪ್ಪ ಇರುವ ಡಿಮೆನ್ಷಿಯಾ ಕೇಂದ್ರ: ಹಿರಿಯರ ನಡುವಿನ ಜಗಳ ಇಲ್ಲಿ ಹೇಗೆ ಕಡಿಮೆಯಾಗಿದೆ

ಕೋಣೆ ಹೇಗಿದೆ, ಊಟ ಹೇಗಿದೆ, ಡಾಕ್ಟರ್ ಯಾವಾಗ ಬರುತ್ತಾರೆ ಎಂದು ಎಲ್ಲರೂ ಕೇಳುತ್ತಾರೆ. ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವವರನ್ನು ಸೇರಿಸುವಾಗ ಇನ್ನೊಂದನ್ನೂ ಕೇಳಬೇಕು. ಅಲ್ಲಿನ ಹಿರಿಯರು ಒಬ್ಬರ ಮೇಲೊಬ್ಬರು ಕೈ ಮಾಡದ ಹಾಗೆ ಹೇಗೆ ನೋಡಿಕೊಳ್ಳುತ್ತೀರಿ? ಮೈಸೂರಿನ ಹೊರವಲಯದ ಈ ಕೇಂದ್ರವನ್ನು ನಾನು ಮೆಚ್ಚಿಕೊಂಡಿದ್ದು ಮುಖ್ಯವಾಗಿ ಅದಕ್ಕೇ.

ಅಪ್ಪ ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದವರು. ಈಗಲೂ ಸಂಜೆಯಾದರೆ ಕೂತಲ್ಲಿ ಕೂರುವುದಿಲ್ಲ. ಕಂಡಕಂಡವರ ಕೋಣೆಗೆ ಹೋಗಿ ಫ್ಯಾನು, ಲೈಟು, ಟಿವಿ ಆಫ್ ಮಾಡುತ್ತಾರೆ. ಅವರ ಲೆಕ್ಕದಲ್ಲಿ ಅದು ಡ್ಯೂಟಿ. ಮೊದಲು ಇದ್ದ ಜಾಗದಲ್ಲಿ ಟಿವಿ ನೋಡುತ್ತಿದ್ದ ಒಬ್ಬರು ಸಿಟ್ಟಿಗೆದ್ದು ಊರುಗೋಲು ಬೀಸಿದರು. ಅಪ್ಪನ ಹುಬ್ಬಿಗೆ ಹೊಲಿಗೆ ಹಾಕಬೇಕಾಯಿತು. ‘ಇದೆಲ್ಲ ಮಾಮೂಲು ಮೇಡಂ’ ಎಂದರು ಅಲ್ಲಿನವರು. ಅಪ್ಪನಿಗೆ ನಿದ್ದೆ ಮಾತ್ರೆ ಕೊಡೋಣ ಎಂದರು. ಹೊಡೆದವರನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಅವರ ಮಗನಿಗೆ ಹೇಳಿದರು. ಅವರಿಗೂ ಅಪ್ಪನಿಗಿರುವ ಕಾಯಿಲೆಯೇ. ಅವರ ಮೇಲೆ ನನಗೆ ಕೋಪವಿಲ್ಲ.

ಇಂಥದ್ದು ಜಾಸ್ತಿ ನಡೆಯುತ್ತದೆ ಎನ್ನುವುದು ನಿಜವೇ. ಸಂಶೋಧಕರಾದ ಮಾರ್ಕ್ ಲ್ಯಾಕ್ಸ್, ಕಾರ್ಲ್ ಪಿಲ್ಲೆಮರ್ ಮತ್ತು ಸಂಗಡಿಗರು ಅಮೆರಿಕದ ನ್ಯೂಯಾರ್ಕ್ ರಾಜ್ಯದ 10 ನರ್ಸಿಂಗ್ ಹೋಮ್‌ಗಳಲ್ಲಿ ಮಾಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. 4 ವಾರಗಳ ಅವಧಿಯಲ್ಲಿ ಹೆಚ್ಚು ಕಡಿಮೆ ಐದರಲ್ಲಿ ಒಬ್ಬರು ಇಂಥ ಘಟನೆಗೆ ಸಿಕ್ಕಿಕೊಂಡಿದ್ದರು. ಬೈಗುಳ, ತಳ್ಳಾಟ, ಹೊಡೆತ, ಇನ್ನೊಬ್ಬರ ಕೋಣೆಗೆ ನುಗ್ಗುವುದು ಎಲ್ಲ ಅದರಲ್ಲಿ ಸೇರಿತ್ತು. ಆದರೆ ಎಲ್ಲ ಕಡೆ ನಡೆಯುತ್ತದೆ ಎಂದ ಮಾತ್ರಕ್ಕೆ ಕೈಕಟ್ಟಿ ಕೂರುವುದಾ?

ಈ ಕೇಂದ್ರದಲ್ಲಿ ಸೇರಿಸುವ ದಿನವೇ ಹಿರಿಯ ಸಿಸ್ಟರ್ ನನ್ನನ್ನು ಕೂರಿಸಿಕೊಂಡು ತುಂಬಾ ವಿಚಾರಿಸಿದರು. ಅಪ್ಪನಿಗೆ ಗದ್ದಲ ಸಹಿಸಲು ಆಗುತ್ತದಾ? ಕಿವಿ ಸರಿಯಾಗಿ ಕೇಳುತ್ತದಾ? ಮಂಡಿ ನೋವಿದೆಯಾ? ಮೋಷನ್ ದಿನಾ ಆಗುತ್ತದಾ? ಮಲಬದ್ಧತೆ, ಉರಿಮೂತ್ರ, ಹಲ್ಲುನೋವು ಇದ್ದು ಹೇಳಿಕೊಳ್ಳಲಾಗದವರು ಪಕ್ಕದಲ್ಲಿದ್ದವರ ಮೇಲೆ ರೇಗುತ್ತಾರಂತೆ. ಹಾಗಾಗಿ ಯಾರಾದರೂ ಇದ್ದಕ್ಕಿದ್ದಂತೆ ಸಿಡುಕಲು ಶುರು ಮಾಡಿದರೆ ಇಲ್ಲಿ ಮೊದಲು ಮೂತ್ರ ಪರೀಕ್ಷೆ ಮಾಡಿಸುತ್ತಾರೆ.

ಅಪ್ಪನ ಸ್ವಿಚ್ ವಿಷಯ ಕೇಳಿದ ಮೇಲೆ ಅವರು ಬಯ್ಯಲೂ ಇಲ್ಲ, ಬಾಗಿಲು ಹಾಕಿ ಕೂರಿಸಲೂ ಇಲ್ಲ. ಸಂಜೆ ಒಬ್ಬ ಅಟೆಂಡರ್ ‘ಬನ್ನಿ ಸರ್, ಲೈನ್ ನೋಡಿಕೊಂಡು ಬರೋಣ’ ಎಂದು ಕರೆಯುತ್ತಾರೆ. ವರಾಂಡ, ಆಫೀಸು, ಸ್ಟೋರ್ ರೂಮಿನ ಲೈಟುಗಳನ್ನು ಅಪ್ಪನೇ ಹಾಕುತ್ತಾರೆ, ಆರಿಸುತ್ತಾರೆ. ಅಷ್ಟರಲ್ಲಿ ಹಾಲ್‌ನಲ್ಲಿ ಟಿವಿ ನೋಡುವವರ ಪಾಡಿಗೆ ಟಿವಿ ನಡೆಯುತ್ತಿರುತ್ತದೆ. ಟಿವಿಯ ಪ್ಲಗ್ ಕೈಗೆ ಸಿಗದ ಹಾಗೆ ಮೇಲಕ್ಕೆ ಹಾಕಿಸಿದ್ದಾರೆ. ಅಪ್ಪನಿಗೂ ಖುಷಿ, ಬೇರೆಯವರಿಗೂ ನೆಮ್ಮದಿ.

ಒಂದು ದಿನ ನಾನಿದ್ದಾಗಲೇ ಶಾಲಿಗಾಗಿ ಇಬ್ಬರು ಅಜ್ಜಿಯರು ಎಳೆದಾಡಿದರು. ಆಯಾ ಹಿಂದಿನಿಂದ ಹೋಗಿ ಹಿಡಿಯಲಿಲ್ಲ. ಎದುರಿಗೆ ಬಂದು, ಹೆಸರು ಹಿಡಿದು ಮಾತಾಡಿಸಿ, ಒಬ್ಬರನ್ನು ಕಾಫಿಗೆ ಕರೆದುಕೊಂಡು ಹೋದರು. ಶಾಲು ಯಾರದ್ದು ಎಂಬ ಪಂಚಾಯಿತಿ ಮಾಡಲೇ ಇಲ್ಲ. ಆಮೇಲೆ ಸಿಸ್ಟರ್ ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡರು: ಎಷ್ಟು ಗಂಟೆ, ಎಲ್ಲಿ, ಯಾರ ಪಕ್ಕ ಯಾರಿದ್ದರು, ಅದಕ್ಕೆ ಮುಂಚೆ ಏನು ನಡೆದಿತ್ತು. ಹೊಡೆದಿದ್ದನ್ನಷ್ಟೇ ಬರೆದರೆ ಮುಂದಿನದ್ದನ್ನು ತಡೆಯಲಾಗದು ಎಂದು ಅವರು ಹೇಳಿದ ಮಾತು ನನಗೆ ತುಂಬಾ ಸರಿ ಅನಿಸಿತು. ಆ ಪುಸ್ತಕ ನೋಡಿಯೇ ಊಟದ ಜಾಗ ಬದಲಿಸುತ್ತಾರೆ. ಇಬ್ಬರ ಮನೆಗೂ ಅದೇ ದಿನ ಫೋನ್ ಹೋಯಿತು.

ಮಾತ್ರೆ ಇಲ್ಲಿ ಕೊನೆಯ ದಾರಿ. ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಆಂಟಿಸೈಕೋಟಿಕ್ (ತೀವ್ರ ಮಾನಸಿಕ ಕಾಯಿಲೆಗೆ ಕೊಡುವ) ಮಾತ್ರೆಗಳಿಂದ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿದೆ. ಡಾಕ್ಟರ್ ಅದನ್ನು ನಮಗೆ ವಿವರಿಸಿಯೇ ಮಾತು ಮುಂದುವರಿಸಿದರು.

ಕೊರತೆಗಳೂ ಇವೆ. ತಿಂಗಳಿಗೆ 42 ಸಾವಿರ, ಡೈಪರ್ ಬೇರೆ. ಎಲ್ಲರ ಕೈಗೆಟುಕುವ ದುಡ್ಡಲ್ಲ. ಭಾನುವಾರ ಬದಲಿ ಅಟೆಂಡರ್‌ಗಳು ಬರುತ್ತಾರೆ, ಅವರಿಗೆ ಯಾರ ಸ್ವಭಾವವೂ ಗೊತ್ತಿರುವುದಿಲ್ಲ. ಅಪ್ಪ ಗಲಾಟೆ ಮಾಡಿಕೊಳ್ಳುವುದು ಆ ದಿನವೇ. ರಾತ್ರಿ ಒಂದು ಮಹಡಿಗೆ ಒಬ್ಬರೇ ಆಯಾ ಇರುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಎರಡನ್ನೂ ಬರೆದು ಕೊಟ್ಟಿದ್ದೇನೆ.

ನೋಡಲು ಹೋಗುವವರು ಬೆಳಿಗ್ಗೆ ಹೋಗಬೇಡಿ, ಆಗ ಎಲ್ಲ ಕಡೆಯೂ ಶಾಂತವಾಗಿರುತ್ತದೆ. ಸಂಜೆ 5ರ ಮೇಲೆ ಹೋಗಿ, ಹಾಲ್‌ನಲ್ಲಿ ಸ್ವಲ್ಪ ಹೊತ್ತು ಕೂತು ನೋಡಿ. ಭಾನುವಾರವಾದರೆ ಇನ್ನೂ ಒಳ್ಳೆಯದು.